ಆ ಹತ್ತೊಂಬತ್ತನ್ನು ಯಾಕೆ ಬಿಟ್ಟಿರಿ?

ನಮಸ್ಕಾರ. ವಾಷಿಂಗ್ಟನ್ ತಂಡದ ಸ್ಯಾಮಿ ಬಾ 1943ರಲ್ಲಿ ಆಡಿದ ಅಮೆರಿಕನ್ ಫುಟ್‌ಬಾಲ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ‘ವಿಷಾದವಿದೆ’ ಎಂದು ಒಂದು ಸಾಲು ಬರೆದು ವಾಪಸ್ ಕಳಿಸುವಂಥದ್ದೂ ಅಲ್ಲ. ಅದಕ್ಕೇ ಈ ಉದ್ದದ ಪತ್ರ.

ಮೊದಲು ಹೆಸರಿನ ವಿಷಯ. ‘ಬಾ ಓಡಿದರು’, ‘ಬಾ ಒದ್ದರು’ ಎಂದು ಸಾಲುಸಾಲಿಗೂ ಬಂದರೆ ಕನ್ನಡದ ಓದುಗ ಅದನ್ನು ಕ್ರಿಯಾಪದ ಎಂದುಕೊಂಡು ಎಡವುತ್ತಾನೆ. ಪೂರ್ತಿ ಹೆಸರು ಒಮ್ಮೆ ಬರಲಿ, ಆಮೇಲೆ ಸ್ಯಾಮಿ ಎಂದರೆ ಸಾಕು.

ತೂಗಾಡುವ ಟೈರಿನೊಳಗೆ ಚೆಂಡು ತೂರಿಸುತ್ತಿದ್ದ ಟೆಕ್ಸಸ್ ಹುಡುಗನಿಂದ ಶುರು ಮಾಡಿದ್ದೀರಿ. ಮೂರು ಪ್ಯಾರಾ ಅದಕ್ಕೇ ಹೋಗಿದೆ. ಸ್ಯಾಮಿ ಬಗ್ಗೆ ಬರೆಯುವವರೆಲ್ಲ ಆ ಟೈರಿನಿಂದಲೇ ಶುರು ಮಾಡುತ್ತಾರೆ. ಅದು ಚೆಂಡು ಎಸೆಯುವವನ ಕಥೆ. ನೀವು ಹೇಳಹೊರಟಿದ್ದು ಎದುರಾಳಿ ಎಸೆದ ಚೆಂಡನ್ನು ನಡುದಾರಿಯಲ್ಲಿ ಕಸಿಯುವವನ ಕಥೆ. ಅವನು ನಿಮ್ಮ ಲೇಖನಕ್ಕೆ ಬರುವುದು ಎರಡನೇ ಪುಟದಲ್ಲಿ.

ಈಗ ನನಗೆ ನಿಜವಾಗಿ ಬೇಸರ ತಂದ ಸಂಗತಿ. 10 ಪಂದ್ಯಗಳ ಆ ಋತುವಿನಲ್ಲಿ ಸ್ಯಾಮಿ ಎದುರಾಳಿಗಳ 11 ಪಾಸ್ ಕಸಿದರು, ಪಂಟ್ ಒದೆತದಲ್ಲಿ (ಮುನ್ನುಗ್ಗಲು ಆಗದಾಗ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ಸರಾಸರಿ 45.9 ಗಜ ದಾಟಿಸಿದರು, 133 ಪಾಸ್‌ಗಳನ್ನು ತಮ್ಮವರ ಕೈಗೆ ಮುಟ್ಟಿಸಿದರು. ಮೂರರಲ್ಲೂ ಲೀಗಿಗೇ ಮೊದಲಿಗರು. ಇದನ್ನೆಲ್ಲ ಸರಿಯಾಗಿ ಕೊಟ್ಟಿದ್ದೀರಿ. ಆದರೆ ಅದೇ ವರ್ಷ ಸ್ಯಾಮಿಯವರ ಪಾಸ್‌ಗಳನ್ನು ಎದುರಾಳಿಗಳು 19 ಸಲ ಕಸಿದಿದ್ದರು. ಅದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ನಾಯಕನಿಗೆ ಕಳಂಕ ಬರುತ್ತದೆ ಎಂದು ಬಿಟ್ಟಿರಾ? ನನ್ನ ಪ್ರಕಾರ ಲೇಖನದ ಜೀವವೇ ಅಲ್ಲಿದೆ. ಆಗಿನ ಆಟಗಾರರಿಗೆ ದಾಳಿಯೂ ಅವರದೇ, ರಕ್ಷಣೆಯೂ ಅವರದೇ. ಪಾಸ್ ಎಸೆದು ಕಳೆದುಕೊಂಡವನು ಸ್ವಲ್ಪ ಹೊತ್ತಿನಲ್ಲೇ ಹಿಂದಕ್ಕೆ ಹೋಗಿ ನಿಂತು ಇನ್ನೊಬ್ಬ ಎಸೆಯುವವನ ಭುಜ, ಕಣ್ಣು ನೋಡುತ್ತಿರುತ್ತಾನೆ. ಎಸೆಯುವವನು ಎಲ್ಲಿ ಆತುರ ಪಡುತ್ತಾನೆ ಎಂದು 19 ಸಲ ಸ್ವತಃ ಅನುಭವಿಸಿದವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

ನವೆಂಬರ್ 14ರ ಪಂದ್ಯವನ್ನು ‘ಅಮೋಘ ಪ್ರದರ್ಶನ’ ಎಂಬ ಎರಡು ಪದದಲ್ಲಿ ಮುಗಿಸಿದ್ದೀರಿ. ಅದಕ್ಕೆ ಒಂದು ಪುಟ ಕೊಡಿ. ಗ್ರಿಫಿತ್ ಸ್ಟೇಡಿಯಂನಲ್ಲಿ ಡೆಟ್ರಾಯಿಟ್ ಲಯನ್ಸ್ ಎದುರು 42–20ರ ಗೆಲುವು. ನಾಲ್ಕು ಟಚ್‌ಡೌನ್ ಪಾಸ್ (ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ತರುವ ಪಾಸ್) ಎಸೆದದ್ದೂ ಸ್ಯಾಮಿ, ಎದುರಾಳಿಯ ನಾಲ್ಕು ಪಾಸ್ ಕಸಿದದ್ದೂ ಸ್ಯಾಮಿ. ಅದೇ ದಿನ ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಶಿಕಾಗೊ ಬೇರ್ಸ್‌ನ ಸಿಡ್ ಲಕ್ಮನ್ ಏಳು ಟಚ್‌ಡೌನ್ ಪಾಸ್ ಎಸೆದರು. ಸರಿಯಾಗಿ ಆರು ವಾರಕ್ಕೆ ಇಬ್ಬರೂ ಫೈನಲ್‌ನಲ್ಲಿ ಎದುರಾಗುತ್ತಾರೆ. ಇಂಥದ್ದು ಕೈಗೆ ಸಿಕ್ಕೂ ನೀವು ಬಳಸಿಲ್ಲ.

ಒದೆತದ ಬಗ್ಗೆ ‘ಕಾಲಿನ ಬಲ’ ಎಂದಷ್ಟೇ ಬರೆದಿದ್ದೀರಿ. ಬಲ ಅರ್ಧ, ಉಪಾಯ ಇನ್ನರ್ಧ. ಆ ವರ್ಷ ವಾಷಿಂಗ್ಟನ್ ಇನ್ನೂ ಹಳೆಯ ಸಿಂಗಲ್ ವಿಂಗ್ ವ್ಯೂಹದಲ್ಲೇ ಆಡುತ್ತಿತ್ತು. ಚೆಂಡು ನೇರವಾಗಿ ಹಿಂದೆ ನಿಂತ ಸ್ಯಾಮಿಯ ಕೈಗೇ ಬರುತ್ತಿತ್ತು. ಓಡುತ್ತಾರೋ, ಎಸೆಯುತ್ತಾರೋ, ಒದೆಯುತ್ತಾರೋ ಎದುರಿನವರಿಗೆ ಗೊತ್ತಾಗುತ್ತಿರಲಿಲ್ಲ. ಮುನ್ನುಗ್ಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಸಾಮಾನ್ಯವಾಗಿ ಕೊನೆಯದರಲ್ಲಿ ಒದೆಯುತ್ತಾರೆ. ಆ ಸರದಿ ಬರುವ ಮೊದಲೇ ಒದ್ದುಬಿಟ್ಟರೆ ಹಿಂದೆ ಹಿಡಿಯಲು ಯಾರೂ ಇರುವುದಿಲ್ಲ. ಚೆಂಡು ನೆಲಕ್ಕೆ ಬಿದ್ದು ಉರುಳುತ್ತಲೇ ಹೋಗುತ್ತದೆ. ಇದನ್ನು ಓದುಗನ ಕಣ್ಣಿಗೆ ಕಟ್ಟುವ ಹಾಗೆ ಬರೆಯಿರಿ.

ಯುದ್ಧದ ಮಾತನ್ನೂ ಮುಚ್ಚಬೇಡಿ. ಆ ವರ್ಷ ಎಷ್ಟೋ ಆಟಗಾರರು ಸೇನೆಯಲ್ಲಿದ್ದರು. ಕ್ಲೀವ್‌ಲ್ಯಾಂಡ್ ರ್‍ಯಾಮ್ಸ್ ಕಣಕ್ಕೇ ಇಳಿಯಲಿಲ್ಲ, ಫಿಲಡೆಲ್ಫಿಯಾ ಮತ್ತು ಪಿಟ್ಸ್‌ಬರ್ಗ್ ತಂಡಗಳು ಒಂದಾಗಿ ಆಡಿದವು, ಲೀಗಿನಲ್ಲಿ ಉಳಿದದ್ದು ಎಂಟೇ ತಂಡ. ಎದುರಾಳಿಗಳು ದುರ್ಬಲರಾಗಿದ್ದರಲ್ಲ ಎಂದು ಓದುಗ ಕೇಳಿಯೇ ಕೇಳುತ್ತಾನೆ. ಅವನು ಕೇಳುವ ಮೊದಲೇ ನೀವೇ ಎತ್ತಿಕೊಳ್ಳಿ.

ಕಪಿಲ್ ದೇವ್ ಹೋಲಿಕೆ ಐದು ಕಡೆ ಬಂದಿದೆ. ಐದನ್ನೂ ತೆಗೆಯಿರಿ.

‘ಅಮರ ದಂತಕಥೆ’ ಎಂಬ ಕೊನೆಯ ಪ್ಯಾರಾ ಬೇಡ. ಡಿಸೆಂಬರ್ 26ಕ್ಕೆ, ಶಿಕಾಗೋದ ರಿಗ್ಲಿ ಫೀಲ್ಡ್‌ಗೆ ಹೋಗಿ. ಫೈನಲ್ ಆರಂಭವಾಗಿ ಹೆಚ್ಚು ಹೊತ್ತಾಗಿಲ್ಲ. ಪಂಟ್ ಹಿಡಿದು ಓಡಿಬರುತ್ತಿದ್ದ ಲಕ್ಮನ್‌ರನ್ನು ಉರುಳಿಸಲು ಹೋಗಿ ಸ್ಯಾಮಿಯ ತಲೆಗೇ ಪೆಟ್ಟು ಬೀಳುತ್ತದೆ. ಪಂದ್ಯದ ಬಹುಭಾಗ ಅವರು ಹೊರಗೇ ಕೂರಬೇಕಾಗುತ್ತದೆ. ಲಕ್ಮನ್ ಐದು ಟಚ್‌ಡೌನ್ ಪಾಸ್ ಎಸೆಯುತ್ತಾರೆ, ಬೇರ್ಸ್ 41–21ರಿಂದ ಗೆಲ್ಲುತ್ತದೆ. ಇಡೀ ವರ್ಷ ಪಾಸ್ ಕಸಿದವನು ಬೆಂಚಿನ ಮೇಲೆ ಕೂತು ಆ ಪಾಸ್‌ಗಳನ್ನು ನೋಡುತ್ತಿದ್ದಾನೆ. ಲೇಖನವನ್ನು ಅಲ್ಲಿ ನಿಲ್ಲಿಸಿ.

ಹದಿನೈದು ದಿನದೊಳಗೆ ತಿದ್ದಿ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.