ಸ್ಲೈಡ್ ತಾನಾಗೇ ಓಡ್ತದ, ಹಿಡಿಯೋದ್ ಹ್ಯಾಂಗ್ರಿ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳೊಳಗ ಅರ್ಧಕ್ಕರ್ಧ ಪಿಪಿಟಿವೇ (ಪವರ್‌ಪಾಯಿಂಟ್‌ದಾಗ ಮಾಡೋ ಸ್ಲೈಡ್ ಫೈಲ್) ಅವ. ಸಾಲಿ, ಸೆಮಿನಾರು, ಅಂಗಡಿ ಟಿವಿ, ರಿಟೈರ್‌ಮೆಂಟ್ ಫಂಕ್ಷನ್, ಎಲ್ಲಾ ಕಡಿ ತಕರಾರು ಒಂದೇ: ಸ್ಲೈಡ್ ಭಾಳ ಲಗು ಹೋಗ್ತದ, ಇಲ್ಲಾಂದ್ರ ಕುಂತಲ್ಲೇ ಕುಂತಿರ್ತದ. ಅದಕ್ಕ ಈ ಸಲ ಟೈಮಿಂಗ್ ಒಂದನ್ನೇ ತಗೊಂಡೀವಿ. ಬಟನ್ ಹೆಸರು ಕಂಪ್ಯೂಟರ್‌ದಾಗ ಇದ್ದಂಗೇ ಬರ್ದೀವಿ, ಹುಡುಕ್ಲಾಕ ಸಸಾರ ಆಗ್ಲಿ ಅಂತ.

ಪ್ರಶ್ನೆ: ಸರ್, ನಾ ಹೈಸ್ಕೂಲ್‌ದಾಗ ಸಮಾಜ ವಿಜ್ಞಾನ ಕಲಸ್ತೀನಿ. ಬಹಮನಿ ಸುಲ್ತಾನರ ಮ್ಯಾಲೆ ಗೆಳತಿ ಮಾಡಿದ್ದ ಪಿಪಿಟಿ ಇಸ್ಕೊಂಡು ನನಗ ಬೇಕಾದಂಗ ತಿದ್ದಿ ಶಿಕ್ಷಕರ ಮೀಟಿಂಗ್‌ದಾಗ ತೋರಿಸ್ಲಾಕ ಹೋದ್ರ ನಾ ಇನ್ನಾ 1347ರಾಗ ಕಲಬುರಗಿ ರಾಜಧಾನಿ ಆಯ್ತು ಅನ್ನೋದ್ರಾಗೇ ಸ್ಲೈಡ್ ಬೀದರ್ ಕ್ವಾಟಿಗಿ ಹೋಗಿ ನಿಂತಿತ್ತು. ಹಿಂದಕ್ಕ ತಂದ್ರ ಮತ್ತ ಓಡ್ತದ. ನಾ ಎಲ್ಲೂ ಟೈಮ್ ಸೆಟ್ ಮಾಡೇ ಇಲ್ರಿ. ಇದು ವೈರಸ್ ಏನು?
– ಶಿಕ್ಷಕಿ, ಆಳಂದ ತಾಲೂಕು

ಉತ್ತರ: ವೈರಸ್ ಅಲ್ರಿ ಅಕ್ಕೋರೆ. ಕಲಬುರಗಿಯಿಂದ ಬೀದರಕ್ಕ ರಾಜಧಾನಿ ಹೋಗ್ಲಾಕ ಮುಕ್ಕಾಲು ಶತಮಾನಕ್ಕಿಂತ ಜಾಸ್ತಿ ಹಿಡೀತು, ನಿಮ್ಮ ಸ್ಲೈಡ್ ಅದನ್ನ ಎಂಟತ್ತು ಸೆಕೆಂಡ್‌ನಾಗ ಮುಗಿಸ್ಯದ ಅಷ್ಟೇ. ಆಗಿದ್ದೇನಂದ್ರ ನಿಮ್ಮ ಗೆಳತಿ ಯಾವಾಗರೆ ಸ್ಲೈಡ್ ಶೋ ಟ್ಯಾಬಿನ್ಯಾಗ 'ರಿಹರ್ಸ್ ಟೈಮಿಂಗ್ಸ್' ಒತ್ತಿ ಪ್ರಾಕ್ಟೀಸ್ ಮಾಡಿರ್ಬೇಕು, ಕೊನೀಗಿ ಈ ಟೈಮಿಂಗ್ ಇಟ್ಕೋಬೇಕೇನು ಅಂತ ಅದು ಕೇಳ್ತದ, ಹೂಂ ಅಂದಿರ್ತಾರ. ಆ ಟೈಮ್ ಫೈಲಿನ್ಯಾಗೇ ಉಳೀತದ, ಪೆನ್ ಡ್ರೈವ್ ಹಿಡಕೊಂಡು ನಿಮ್ಮ ಮನೀಗಿನೂ ಬರ್ತದ. ಆಕಿ ಮಾತಾಡೋ ಸ್ಪೀಡಿಗಿ ನೀವು ಮಾತಾಡ್ಬೇಕಾಗ್ಯದ.

ನೋಡ್ಬೇಕಂದ್ರ ವ್ಯೂದಾಗ 'ಸ್ಲೈಡ್ ಸಾರ್ಟರ್' ತೆಗೀರಿ, ಎಲ್ಲಾ ಸ್ಲೈಡ್ ಸಣ್ಣ ಸಣ್ಣದಾಗಿ ಕಾಣ್ತಾವ, ಪ್ರತಿ ಸ್ಲೈಡಿನ ಕೆಳಗ 00:08, 00:11 ಅಂತ ಬರ್ದಿದ್ರ ಅದೇ ಕಳ್ಳ. ಈಗ ಅಲ್ಲೇ ಕಂಟ್ರೋಲ್ ಎ ಒತ್ತಿ ಎಲ್ಲಾ ಸೆಲೆಕ್ಟ್ ಮಾಡ್ರಿ, ಟ್ರಾನ್ಸಿಷನ್ಸ್ ಟ್ಯಾಬಿನ ಬಲಗಡಿ 'ಅಡ್ವಾನ್ಸ್ ಸ್ಲೈಡ್' ಅಂತ ಅದ, ಅದ್ರಾಗ 'ಆಫ್ಟರ್' ಮುಂದಿನ ಟಿಕ್ ತೆಗೀರಿ, 'ಆನ್ ಮೌಸ್ ಕ್ಲಿಕ್' ಟಿಕ್ ಹಂಗೇ ಇರ್ಲಿ. ಮುಗೀತು. ಕೆಲವ್ರು 'ಅಪ್ಲೈ ಟು ಆಲ್' ಒತ್ತು ಅಂತಾರ, ಅದೂ ನಡೀತದ ಖರೆ, ಆದ್ರ ಅದು ಟೈಮ್ ಒಂದೇ ಅಲ್ಲ, ಆ ಸ್ಲೈಡಿನ ಟ್ರಾನ್ಸಿಷನ್ನೂ (ಸ್ಲೈಡ್ ಬದಲಾಗೋವಾಗ ಕಾಣೋ ಆಟ) ಎಲ್ಲಾ ಸ್ಲೈಡಿಗಿ ಹಚ್ಚಿಬಿಡ್ತದ. ಒಂದ್ ಸ್ಲೈಡಿಗಿ ಮಜಾಕ್ಕಂತ ಏನರೆ ಗಿರಗಿರ ತಿರುಗೋದು ಹಾಕಿದ್ರ ಪೂರಾ ಪಿಪಿಟಿ ತಿರುಗ್ತದ.

ಟೈಮ್ ಅಳಿಸೋದ್ ಬ್ಯಾಡ, ಇವತ್ತೊಂದಿನಾ ನಡೀಬಾರ್ದು ಅಂದ್ರ ಸ್ಲೈಡ್ ಶೋ ಟ್ಯಾಬಿನ್ಯಾಗ 'ಯೂಸ್ ಟೈಮಿಂಗ್ಸ್' ಟಿಕ್ ತೆಗದ್ರ ಸಾಕು.

ಇನ್ನ ಮಂದಿ ಮುಂದ ನಿಂತಾಗೇ ಓಡ್ಲಾಕ ಸುರು ಮಾಡಿದ್ರ? ಗಾಬ್ರಿ ಆಗಬ್ಯಾಡ್ರಿ, ಶೋ ಬಂದ್ ಮಾಡಿ ಮೆನು ಹುಡುಕಬ್ಯಾಡ್ರಿ. ಕೀಬೋರ್ಡಿನ್ಯಾಗ 'ಎಸ್' ಒತ್ರಿ, ಓಟ ನಿಲ್ತದ, ಮತ್ತೊಮ್ಮೆ ಒತ್ತಿದ್ರ ಚಾಲೂ. ಇದು ಗೊತ್ತಿಲ್ದೇ ಎಷ್ಟ್ ಮಂದಿ ಹಿಂದಕ್ಕ ಮುಂದಕ್ಕ ಬಾಣದ ಕೀ ಒತ್ತಿ ಒತ್ತಿ ಒದ್ದಾಡ್ತಾರ! ಆಫ್ಟರ್, ಮೌಸ್ ಕ್ಲಿಕ್ ಎರಡಕ್ಕೂ ಟಿಕ್ ಇದ್ರ ಯಾವುದ್ ಮೊದ್ಲು ಬರ್ತದೋ ಅದಕ್ಕ ಸ್ಲೈಡ್ ಹೋಗ್ತದ, ಅಂದ್ರ ಟೈಮ್ ಮುಗಿಯೋದಕ್ಕೂ ನೀವು ಕ್ಲಿಕ್ ಮಾಡೋದಕ್ಕೂ ಒಂದೇ ಆದ್ರ ಒಮ್ಮೆಗೇ ಎರಡು ಸ್ಲೈಡ್ ಜಿಗದಂಗ. ಬಾಯಿಲೆ ಪಾಠ ಮಾಡೋರಿಗಿ ಕ್ಲಿಕ್ ಒಂದೇ ಸಾಕ್ರಿ, ಆಟೋಮೆಟಿಕ್ ಇರೋದು ಮಾತಾಡೋರು ಯಾರೂ ಇಲ್ಲದ ಕಡಿಗಿ.

ಪ್ರಶ್ನೆ: ಅಣ್ಣಾರ, ನಮ್ಮದು ಬಿದರಿ ಕೆಲಸದ ಮನಿ. ಅಂಗಡ್ಯಾಗ ಟಿವಿ ಹಾಕಿ ಲ್ಯಾಪ್‌ಟಾಪ್ ಹಚ್ಚೀವಿ, ಬಿದರಿ ಹ್ಯಾಂಗ ಮಾಡ್ತಾರ ಅಂತ ಫೋಟೋ ಹಾಕಿ ಪಿಪಿಟಿ ಮಾಡೀನಿ, ದಿನಾಪೂರ್ತಿ ತಿರುಗ್ತಾ ಇರ್ಬೇಕು, ಹುಡುಗ್ರು ಮೌಸ್ ಮುಟ್ಟಿದ್ರೂ ನಿಲ್ಲಬಾರ್ದು. ಎಲ್ಲಾ ಸ್ಲೈಡಿಗಿ 5 ಸೆಕೆಂಡ್ ಇಟ್ಟೀನಿ. ಗಿರಾಕಿ ಓದೋದ್ರಾಗೇ ಹೋಗ್ತದ ಅಂತಾರ, 15 ಇಟ್ರ ಬ್ಯಾಸರಕಿ ಬಂದು ನೋಡೋದೇ ಬಿಡ್ತಾರ. ಎಷ್ಟ್ ಇಡ್ಲಿ?
– ಬೀದರ್

ಉತ್ತರ: ಎಲ್ಲಾಕ್ಕೂ ಒಂದೇ ಅಳತಿ ಇಟ್ಟಿದ್ದೇ ತಕರಾರು. ಬರೇ ಫೋಟೋ ಇದ್ರ 5 ಸೆಕೆಂಡ್ ಭರ್ತಿ ಆಯ್ತು. ಅಕ್ಷರ ಇದ್ದ ಸ್ಲೈಡಿಗಿ ಹಿಂಗ್ ಮಾಡ್ರಿ: ಮೊಬೈಲ್‌ನಾಗ ಸ್ಟಾಪ್‌ವಾಚ್ ಹಚ್ಚಿ ಅದನ್ನ ಬಾಯಿ ಬಿಟ್ಟು, ಅವಸರ ಮಾಡದೇ ಎರಡ್ ಸಲ ಓದ್ರಿ, ಬಂದ ಟೈಮೇ ಆ ಸ್ಲೈಡಿನ ಟೈಮ್. ಎರಡ್ ಸಲ ಯಾಕಂದ್ರ ಗಿರಾಕಿ ನಡುವ ತಲಿ ಎತ್ತಿ ನೋಡ್ತಾರ, ಸುರುವಿನಿಂದ ಯಾರೂ ನಿಂತಿರಂಗಿಲ್ಲ. 20 ಸೆಕೆಂಡ್ ದಾಟ್ತದ ಅಂದ್ರ ಟೈಮ್ ಹೆಚ್ಚು ಮಾಡಬ್ಯಾಡ್ರಿ, ಬರ್ದಿದ್ದೇ ಜಾಸ್ತಿ ಆಗ್ಯದ, ಅದನ್ನ ಕತ್ತರಿಸ್ರಿ. ನಿಂತು ಪುಸ್ತಕ ಓದ್ಲಾಕ ಯಾರೂ ಅಂಗಡೀಗಿ ಬರಂಗಿಲ್ಲ.

ನಿಮ್ಮ ಪಿಪಿಟ್ಯಾಗ ಒಂದ್ ಜಾಗಾ ಮಾತ್ರ ಚೌಕಾಶಿ ಮಾಡಬ್ಯಾಡ್ರಿ. ನಿಮಗ ನಾವೇನ್ ಹೇಳೋದು, ಸತು ತಾಮ್ರ ಕೂಡಿಸಿ ಎರಕ ಹೊಯ್ದ ಸಾಮಾನಿನ ಮ್ಯಾಲೆ ಬೆಳ್ಳಿ ತಂತಿ ಕೂಡಿಸಿ ಉಜ್ಜಿದಾಗ ಮೈ ಬೆಳ್ಳಗ ಬೂದಿ ಬಣ್ಣ ಇರ್ತದ, ಬೆಳ್ಳಿ ಎಲ್ಲದ ಅಂತ ಹೊಸಬರಿಗಿ ತಿಳಿಯಂಗೇ ಇಲ್ಲ. ಕ್ವಾಟಿ ಮಣ್ಣು ನವಸಾಗರ ಹಚ್ಚಿದ ಮ್ಯಾಲೆ ಮೈ ಪೂರಾ ಕರ್ರಗಾಗಿ ಬೆಳ್ಳಿ ಒಂದೇ ಹೊಳೀತದ. ನೋಡೋರು ಬೆರಗಾಗೋದೇ ಅಲ್ಲಿ. ಅದಕ್ಕ ಒಂದೇ ಹೂಜಿದು ಎರಡು ಫೋಟೋ ಹೊಡೀರಿ, ಮಣ್ಣು ಹಚ್ಚೋಕಿಂತ ಮೊದ್ಲು ಒಂದು, ತೊಳದ ಮ್ಯಾಲೆ ಒಂದು, ಕ್ಯಾಮೆರಾ ಹೂಜಿ ಎರಡೂ ಅದೇ ಜಾಗಾದಾಗ ಇರ್ಬೇಕು, ಒಂದ್ ಬೆರಳು ಸರಿದ್ರೂ ಮಜಾ ಹೋಗ್ತದ. ಎರಡು ಸ್ಲೈಡ್ ಮಾಡಿ ಬೆಳ್ಳಗಿದ್ದ ಸ್ಲೈಡಿಗಿ ಆಫ್ಟರ್ 6 ಸೆಕೆಂಡ್ ಹಾಕ್ರಿ. ಕರಿ ಸ್ಲೈಡ್ ಸೆಲೆಕ್ಟ್ ಮಾಡಿ ಟ್ರಾನ್ಸಿಷನ್ಸ್‌ದಾಗ 'ಫೇಡ್' (ಮೆಲ್ಲಕ ಮೂಡೋದು) ಹಚ್ಚಿ 'ಡ್ಯುರೇಷನ್' 3 ಸೆಕೆಂಡ್ ಇಡ್ರಿ, ಅದರ ಆಫ್ಟರ್ 10 ಇರ್ಲಿ. ಟಿವಿ ಮ್ಯಾಲೆ ಹೂಜಿ ಕಣ್ಣೆದುರೇ ಕರ್ರಗಾದಂಗ ಕಾಣ್ತದ.

ಇಲ್ಲೇ ಭಾಳ ಮಂದಿ ಎಡವ್ತಾರ ನೋಡ್ರಿ, ಡ್ಯುರೇಷನ್ ಬ್ಯಾರೆ, ಆಫ್ಟರ್ ಬ್ಯಾರೆ. ಎರಡು ಡಬ್ಬಿನೂ ಬಾಜು ಬಾಜು ಇರ್ತಾವ. ಡ್ಯುರೇಷನ್ ಅಂದ್ರ ಸ್ಲೈಡ್ ಒಳಗ ಬರ್ಲಾಕ ಎಷ್ಟೊತ್ತು, ಆಫ್ಟರ್ ಅಂದ್ರ ಬಂದ ಮ್ಯಾಲೆ ಎಷ್ಟೊತ್ತಿಗಿ ಹೊರಗ ಹೋಗ್ಬೇಕು. ಡ್ಯುರೇಷನ್‌ನಾಗ 10 ಹಾಕಿ, ಸ್ಲೈಡ್ ನಿಲ್ಲವಲ್ದು, ಬರೇ ಮಸಕ್ ಮಸಕ್ ಕಾಣ್ತದ ಅಂತ ಪತ್ರ ಬರ್ದೋರು ಇಬ್ಬರಿದ್ದಾರ, ಅವರಿಗಿನೂ ಇದೇ ಉತ್ತರ.

ಮುಟ್ಟಿದ್ರೂ ನಿಲ್ಲಬಾರ್ದು ಅನ್ನೋದಕ್ಕ ಸ್ಲೈಡ್ ಶೋ ಟ್ಯಾಬಿನ್ಯಾಗ 'ಸೆಟ್ ಅಪ್ ಸ್ಲೈಡ್ ಶೋ' ತೆಗದು 'ಬ್ರೌಸ್ಡ್ ಅಟ್ ಎ ಕಿಯೋಸ್ಕ್' ಆರಿಸ್ರಿ, ಎಸ್ಕೇಪ್ ಒತ್ತೋ ತನಕ ತಿರುಗ್ತದ, ಮೌಸ್ ಕ್ಲಿಕ್ಕಿಗಿ ಕಿಮ್ಮತ್ತಿಲ್ಲ. ಆದ್ರ ಕಿಯೋಸ್ಕ್‌ದಾಗ ಒಂದ್ ಪೇಚದ, ಯಾವರೆ ಒಂದು ಸ್ಲೈಡಿಗಿ ಆಫ್ಟರ್ ಟೈಮ್ ಹಾಕೋದು ಬಿಟ್ಟಿದ್ರ ಅಲ್ಲಿಗಿ ಬಂದು ಗಟ್ಟಿ ಕುಂತುಬಿಡ್ತದ, ಕ್ಲಿಕ್ ಮಾಡಿದ್ರೂ ಏಳಂಗಿಲ್ಲ. ಹೊಸ ಸ್ಲೈಡ್ ಸೇರಿಸಿದಾಗೆಲ್ಲಾ ಸಾರ್ಟರ್‌ದಾಗ ಕೆಳಗ ಟೈಮ್ ಇಲ್ಲದ್ದು ಯಾವುದದ ನೋಡ್ರಿ. ಕರೆಂಟ್ ಹೋಗಿ ಬಂದಾಗ ಲಗು ಚಾಲೂ ಆಗ್ಬೇಕಂದ್ರ ಫೈಲ್ 'ಸೇವ್ ಆ್ಯಸ್' ಮಾಡೋವಾಗ 'ಪವರ್‌ಪಾಯಿಂಟ್ ಶೋ' ಅಂತ ಉಳಿಸಿ ಡೆಸ್ಕ್‌ಟಾಪ್ ಮ್ಯಾಲೆ ಇಡ್ರಿ, ಎರಡ್ ಸಲ ಒತ್ತಿದ್ರ ಸೀದಾ ಶೋನೇ ಸುರು ಆಗ್ತದ. ಲ್ಯಾಪ್‌ಟಾಪೇ ಬ್ಯಾಡಂದ್ರ ಫೈಲ್, ಎಕ್ಸ್‌ಪೋರ್ಟ್, 'ಕ್ರಿಯೇಟ್ ಎ ವಿಡಿಯೋ', ಎಂಪಿ4 ಆಗ್ತದ, ಪೆನ್ ಡ್ರೈವ್‌ಗಿ ಹಾಕಿ ಟಿವಿಗೇ ಚುಚ್ಚ್ರಿ, ರಿಮೋಟಿನ್ಯಾಗ ರಿಪೀಟ್ ಹಚ್ಚ್ರಿ. ವಿಡಿಯೋ ಮಾಡೋವಾಗ 'ಯೂಸ್ ರೆಕಾರ್ಡೆಡ್ ಟೈಮಿಂಗ್ಸ್' ಅನ್ನೋದೇ ಆರಿಸಿರ್ಬೇಕು, ಇಲ್ಲಾಂದ್ರ ನಿಮ್ಮ ಅಷ್ಟೂ ಲೆಕ್ಕ ಬಿಟ್ಟು ಎಲ್ಲಾ ಸ್ಲೈಡಿಗಿ ತಂದೇ 5 ಸೆಕೆಂಡ್ ಹಾಕ್ತದ.

ಪ್ರಶ್ನೆ: ಕಲಬುರಗಿ ಕ್ವಾಟಿ ಒಳಗಿನ ಜಾಮಿ ಮಸೀದಿ ಮ್ಯಾಲೆ ಸೆಮಿನಾರಿನ್ಯಾಗ ಪೇಪರ್ ಓದ್ಬೇಕು, ಕೊಟ್ಟಿದ್ದು 10 ನಿಮಿಷ, ನನ್ನ ಹತ್ರ 20 ಸ್ಲೈಡ್ ಅವ. ಎಲ್ಲಾಕ್ಕೂ 30 ಸೆಕೆಂಡ್ ಆಟೋಮೆಟಿಕ್ ಇಟ್ರ ಬರಾಬರಿ 10 ನಿಮಿಷಕ್ಕ ಮುಗೀತದಲ್ಲ, ಹಂಗ ಮಾಡ್ಲೇನ್ರಿ?
– ಸಂಶೋಧನಾ ವಿದ್ಯಾರ್ಥಿ, ಕಲಬುರಗಿ

ಉತ್ತರ: ಲೆಕ್ಕ ಬರಾಬರಿ ಅದ, ಭಾಷಣ ಬರಾಬರಿ ಆಗಲ್ಲ. ಹಂಗ ಮಾಡಬ್ಯಾಡ್ರಿ.

ನಿಂತು, ಧ್ವನಿ ತೆಗದು, 'ರಿಹರ್ಸ್ ಟೈಮಿಂಗ್ಸ್' ಹಚ್ಚಿ ಪೂರಾ ಪೇಪರ್ ಒಮ್ಮೆ ಹೇಳ್ರಿ. ಮೂಲ್ಯಾಗ ಒಂದ್ ಸಣ್ಣ ಡಬ್ಬಿ ಬರ್ತದ, ಅದ್ರಾಗ ಎರಡು ಗಡಿಯಾರ, ಒಂದು ಈ ಸ್ಲೈಡಿಂದು ಒಂದು ಒಟ್ಟಿಂದು. ನಡುವ ಯಾರರೆ ಕರದ್ರ ಪಾಸ್ ಒತ್ರಿ, ಆ ಸ್ಲೈಡ್ ಹದಗೆಟ್ರ ರಿಪೀಟ್ ಒತ್ತಿದ್ರ ಅದೊಂದರದ್ದೇ ಟೈಮ್ ಮತ್ತ ಸೊನ್ನಿಂದ ಎಣಿಸ್ತದ. ಮನಸ್ಸಿನ್ಯಾಗ ಓದಿದ್ರ ನಡಿಯಂಗಿಲ್ಲ, ಮನಸ್ಸು ಬಾಯಿಗಿಂತ ಭಾಳ ಜೋರ್ ಓಡ್ತದ. ಮುಗದ ಮ್ಯಾಲೆ ಟೈಮ್ ಉಳಿಸಿ ಸಾರ್ಟರ್ ತೆಗದು ನೋಡ್ರಿ.

ಅಲ್ಲಿ ಏನ್ ಕಾಣ್ತದ ಅಂತ ಈಗೇ ಹೇಳಬಹುದು. ಕಮಾನಿನ ಫೋಟೋಗಳು 10 ಸೆಕೆಂಡಿಗೊಂದು ಹೋಗಿರ್ತಾವ, ಮಸೀದಿ ನಕ್ಷೆ ಇರೋ ಸ್ಲೈಡ್ ಎರಡು ನಿಮಿಷ ತಿಂದಿರ್ತದ. ತಿನ್ಲಿ ಬಿಡ್ರಿ! 1367ರ ಆ ಮಸೀದಿ ವಿಶೇಷ ಏನದ, ನಡುವ ತೆರೆದ ಅಂಗಳೇ ಇಲ್ಲ, ಪೂರಾ ಗುಮ್ಮಟಗಳಿಂದ ಮುಚ್ಚ್ಯದ, ಅದು ನಕ್ಷೆ ಮ್ಯಾಲೆ ಬೆರಳಿಟ್ಟು ತೋರಿಸಿದ್ರೇ ತಿಳಿಯೋದು. 30 ಸೆಕೆಂಡಿಗಿ ಆ ನಕ್ಷೆ ಹೊಂಟುಹೋದ್ರ ನೀವು ಹೋಗಿದ್ದೇ ವ್ಯರ್ಥ. ಅದಕ್ಕ ಅದರ ಟೈಮ್ ಮುಟ್ಟಬ್ಯಾಡ್ರಿ, ಕಮಾನಿನ ಫೋಟೋದಾಗ ಚಲೋದೆರಡು ಇಟ್ಟು ಉಳದದ್ದು ತೆಗೀರಿ. ಒಟ್ಟು ಎಂಟು ಎಂಟೂವರಿ ನಿಮಿಷಕ್ಕ ಬರಂಗ ಮಾಡ್ರಿ, ಯಾಕಂದ್ರ ಮೈಕ್ ಸರಿ ಮಾಡೋದು, ಅಧ್ಯಕ್ಷರಿಗಿ ನಮಸ್ಕಾರ, ಇವೆಲ್ಲಾ ನಿಮ್ಮ ಹತ್ತು ನಿಮಿಷದಾಗೇ ಬರ್ತಾವ. ಆಮ್ಯಾಲೆ 'ಯೂಸ್ ಟೈಮಿಂಗ್ಸ್' ಟಿಕ್ ತೆಗದು ಕೈಲೇ ಕ್ಲಿಕ್ ಮಾಡ್ಕೋತ ಹೋಗ್ರಿ. ಸ್ಟೇಜಿನ ಮ್ಯಾಲೆ ಹೊತ್ತು ನೋಡ್ಲಾಕ 'ಪ್ರೆಸೆಂಟರ್ ವ್ಯೂ' ಅದ, ಗಡಿಯಾರ ನಿಮ್ಮ ಲ್ಯಾಪ್‌ಟಾಪಿನ್ಯಾಗೇ ಕಾಣ್ತದ, ಮಂದಿಗಿ ಬರೇ ಸ್ಲೈಡ್.

ನಿಮ್ಮ ಲೆಕ್ಕದಂಗೇ ನಡಿಯೋ ಒಂದು ಪದ್ಧತಿ ಇಲ್ಲ ಅಂತಿಲ್ಲ. 2003ರಾಗ ಟೋಕಿಯೋದಾಗ ಇಬ್ಬರು ಆರ್ಕಿಟೆಕ್ಟ್‌ಗಳು ಪೆಚಾಕುಚಾ ಅಂತ ಸುರು ಮಾಡಿದ್ರು, 20 ಸ್ಲೈಡ್, ಒಂದೊಂದಕ್ಕ 20 ಸೆಕೆಂಡ್, 6 ನಿಮಿಷ 40 ಸೆಕೆಂಡಿಗಿ ಖಲಾಸ್, ಸ್ಲೈಡ್ ತಾನಾಗೇ ಹೋಗ್ತದ, ಮಾತಾಡೋರು ಅದರ ಹಿಂದ ಓಡ್ಬೇಕು. ಅದು ಮಂದಿ ಉದ್ದ ಎಳೀಬಾರ್ದು ಅಂತ ಮಾಡಿದ್ದು, ಒಳ್ಳೆ ಕಸರತ್ತೇ. ಗೆಳೆಯರ ಮುಂದ ಮಾಡಿ ನೋಡ್ರಿ, ಸೆಮಿನಾರಿನ್ಯಾಗ ಬ್ಯಾಡ.

ಪ್ರಶ್ನೆ: ನಮ್ಮ ಕಾಕಾ ರಿಟೈರ್ ಆಗ್ಲಾಕತ್ತಾರ. 60 ಫೋಟೋ, ಒಂದು 4 ನಿಮಿಷದ ಹಾಡು. ಹಾಡು ಫೋಟೋ ಕೂಡೇ ಮುಗೀಬೇಕು. ಈಗ ಹಾಡು ಮೊದಲ್ನೇ ಫೋಟೋಕ್ಕೇ ನಿಂತುಬಿಡ್ತದ.
– ಶಹಾಪುರ, ಯಾದಗಿರಿ ಜಿಲ್ಲಾ

ಉತ್ತರ: ಹಾಡಿನ ಚಿಹ್ನೆ ಸೆಲೆಕ್ಟ್ ಮಾಡಿ 'ಪ್ಲೇಬ್ಯಾಕ್' ಟ್ಯಾಬಿನ್ಯಾಗ 'ಪ್ಲೇ ಇನ್ ಬ್ಯಾಕ್‌ಗ್ರೌಂಡ್' ಒತ್ರಿ, ಎಲ್ಲಾ ಸ್ಲೈಡಿಗಿ ಹರೀತದ. 240 ಸೆಕೆಂಡಿಗಿ 60 ಫೋಟೋ, ಅಂದ್ರ ಒಂದಕ್ಕ 4. ಆದ್ರ ಟ್ರಾನ್ಸಿಷನ್ ಹಚ್ಚಿದ್ರ ಅದರ ಹೊತ್ತೂ ಮ್ಯಾಲೆ ಸೇರ್ತದ, ಫೋಟೋದಾಗ ಅನಿಮೇಷನ್ ಇದ್ರ ಅದು ಮುಗಿಯೋ ತನಕ ಸ್ಲೈಡ್ ಕದಲಂಗಿಲ್ಲ. ಇಂಥಾದ್ರಾಗ ಅನಿಮೇಷನ್ ಹಾಕಲೇಬ್ಯಾಡ್ರಿ, ಸಣ್ಣ ಫೇಡ್ ಸಾಕು, ಆಫ್ಟರ್ 3 ಚಿಲ್ಲರ್ ಇಟ್ಟು ಒಮ್ಮೆ ಪೂರಾ ಓಡಿಸಿ ನೋಡಿ ಹೊಂದಿಸ್ರಿ. ನಮ್ಮನ್ನ ಕೇಳಿದ್ರ 60 ಭಾಳ ಆತು, 40ಕ್ಕ ಇಳಿಸಿ 6 ಸೆಕೆಂಡ್ ಕೊಡ್ರಿ, ಗ್ರೂಪ್ ಫೋಟೋದಾಗ ಯಾರ್ಯಾರು ಅದಾರ ಅಂತ ಹಿಂದ ಕುಂತ ಅತ್ತಿ ಚಿಗವ್ವಂದ್ರು ಹುಡುಕ್ಲಾಕರೆ ಹೊತ್ತು ಬೇಕಲ್ಲ.

ಪ್ರಶ್ನೆ: ನಮ್ಮ ಸಾಲಿ ಲ್ಯಾಬಿನ್ಯಾಗ ಪವರ್‌ಪಾಯಿಂಟ್ ಇಲ್ಲ, ಲಿಬ್ರೆ ಆಫೀಸ್ ಅದ. ಇದೆಲ್ಲಾ ಅದ್ರಾಗ ಆಗ್ತದೇನ್ರಿ?
– 9ನೇ ಕ್ಲಾಸ್, ಭಾಲ್ಕಿ

ಉತ್ತರ: ಆಗ್ತದ ತಮ್ಮಾ. ಅದ್ರಾಗಿನ ಇಂಪ್ರೆಸ್ (ಸ್ಲೈಡ್ ಮಾಡೋ ಪ್ರೋಗ್ರಾಂ) ತೆಗದು ಬಲಗಡಿ ಪಟ್ಟಿಯೊಳಗ 'ಸ್ಲೈಡ್ ಟ್ರಾನ್ಸಿಷನ್' ಒತ್ತು, ಕೆಳಗ 'ಅಡ್ವಾನ್ಸ್ ಸ್ಲೈಡ್' ಅಂತ ಅದ, ಅಲ್ಲೇ ಸೆಕೆಂಡ್ ಹಾಕೋದು. 'ರಿಹರ್ಸ್ ಟೈಮಿಂಗ್ಸ್' ಸ್ಲೈಡ್ ಶೋ ಮೆನುದಾಗ ಅದ. ತಿರುಗ್ತಾ ಇರ್ಬೇಕಂದ್ರ ಅದೇ ಮೆನುದಾಗ 'ಸ್ಲೈಡ್ ಶೋ ಸೆಟ್ಟಿಂಗ್ಸ್' ತೆಗದು 'ಲೂಪ್ ಅಂಡ್ ರಿಪೀಟ್ ಆಫ್ಟರ್' ಆರಿಸು, ಅದರ ಮುಂದ ಒಂದು ಟೈಮ್ ಇರ್ತದ, ಅದು ಒಂದು ಸುತ್ತು ಮುಗದು ಇನ್ನೊಂದು ಸುತ್ತು ಸುರು ಆಗೋ ನಡುವಿನ ಬಿಡುವು, ಸೊನ್ನಿ ಇಟ್ರ ಬಿಡುವಿಲ್ದೇ ತಿರುಗ್ತದ. ಮನ್ಯಾಗ ಪವರ್‌ಪಾಯಿಂಟ್‌ದಾಗ ಮಾಡಿದ ಫೈಲ್ ತಂದು ಇದ್ರಾಗ ತೆಗದ್ರ ಕನ್ನಡ ಫಾಂಟು ಟ್ರಾನ್ಸಿಷನ್ನು ಒಮ್ಮೊಮ್ಮೆ ಬ್ಯಾರೇನೇ ಕಾಣ್ತಾವ, ಅದಕ್ಕ ಕಾರ್ಯಕ್ರಮದ ಹಿಂದಿನ ದಿನಾನೇ ಲ್ಯಾಬಿನ ಕಂಪ್ಯೂಟರ್‌ದಾಗ ಒಮ್ಮೆ ಓಡಿಸಿ ನೋಡು, ಸರ್‌ಗಿ ಕೇಳಿ ಪ್ರೊಜೆಕ್ಟರೂ ಹಚ್ಚಿಸ್ಕೋ.