ಪರದೆಯ ಬಣ್ಣ ಆಮೇಲೆ, ಮೊದಲು ರಾಡು ನೋಡಿ

ಪ್ರಶ್ನೆ: ಡಚ್ ಚಿತ್ರಕಾರ ವರ್ಮೀರನ ‘ಕಿಟಕಿಯ ಬಳಿ ಪತ್ರ ಓದುವ ಹುಡುಗಿ’ ಚಿತ್ರದ ಹಸಿರು ಪರದೆ ಗುಟ್ಟಿನ ಪ್ರೇಮದ ಸಂಕೇತವಂತೆ, ಹೌದೇ?
– ಓದುಗರು, ಮಲ್ಲೇಶ್ವರ

ಹಸಿರೆಂದರೆ ಇದು, ಕೆಂಪೆಂದರೆ ಅದು ಎಂದು ಪಟ್ಟಿ ಹಿಡಿದು ಚಿತ್ರ ನೋಡುವ ಚಾಳಿಯನ್ನು ದಯವಿಟ್ಟು ಬಿಡಿ. ತಿಂಗಳು ತಿಂಗಳೂ ಇದೇ ಪ್ರಶ್ನೆ ಬರುತ್ತದೆ. ಮೊದಲು ರಾಡು ಎಲ್ಲಿದೆ ನೋಡಿ. ಇಲ್ಲಿ ಅದು ಚಿತ್ರದ ಮೇಲಂಚಿನ ಉದ್ದಕ್ಕೂ ಹಾದಿದೆ, ಕೋಣೆಯ ಯಾವ ಗೋಡೆಗೂ ತಾಗಿಲ್ಲ. ಅಂದರೆ ಬಲಕ್ಕೆ ಸರಿದಿರುವ ಆ ಪರದೆ ಹುಡುಗಿಯ ಕೋಣೆಯದಲ್ಲ, ಚಿತ್ರದ ಮುಂದೆ ಇಳಿಬಿಟ್ಟದ್ದು. 17ನೇ ಶತಮಾನದ ಡಚ್ ಮನೆಗಳಲ್ಲಿ ಬೆಲೆಬಾಳುವ ಚಿತ್ರಗಳಿಗೆ ದೂಳು, ಬಿಸಿಲು ತಾಗದಂತೆ ನಿಜವಾಗಿಯೇ ಪರದೆ ಕಟ್ಟುತ್ತಿದ್ದರು. ವರ್ಮೀರ್ ಅದನ್ನೇ ಬಣ್ಣದಲ್ಲಿ ಬರೆದ. ಅದೇ ಶತಮಾನದ ಇನ್ನೊಬ್ಬ ಡಚ್ ಚಿತ್ರಕಾರ ರೆಂಬ್ರಾಂಟ್ 1646ರ ‘ಪವಿತ್ರ ಕುಟುಂಬ’ದಲ್ಲಿ ಪರದೆಯ ಜೊತೆಗೆ ಚೌಕಟ್ಟನ್ನೂ ಬರೆದಿದ್ದಾನೆ. ಹುಡುಗಿಯ ಕಿಟಕಿಯ ಮೇಲೆ ಎತ್ತಿ ಹಾಕಿದ ಕೆಂಪು ಪರದೆ ಮಾತ್ರ ಕೋಣೆಯೊಳಗಿನದು. ಎರಡಕ್ಕೂ ಒಂದೇ ಅರ್ಥ ಹಚ್ಚಬೇಡಿ.

ಪ್ರೇಮದ ಸುಳಿವು ಹಿಂದಿನ ಗೋಡೆಯಲ್ಲಿದೆ. ಅಲ್ಲಿನ ಪ್ರೇಮದೇವತೆ ಕ್ಯುಪಿಡ್‌ನ ಚಿತ್ರವನ್ನು ವರ್ಮೀರ್ ತೀರಿಕೊಂಡ ಮೇಲೆ ಯಾರೋ ಬಣ್ಣ ಬಳಿದು ಮುಚ್ಚಿದ್ದರು. 1979ರಲ್ಲಿ ಅದು ಎಕ್ಸ್‌ರೇಯಲ್ಲಿ ಕಂಡಿತು. ಮೇಲಿನ ಬಣ್ಣ ತೆಗೆದು 2021ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಪ್ರದರ್ಶಿಸಿದರು.

ರಾಡು ನೋಡಿಯಾದ ಮೇಲೆ ಕೇಳಬೇಕಾದ್ದು, ತೆರೆಯನ್ನು ಯಾರು, ಯಾವಾಗ ಸರಿಸುತ್ತಾರೆ ಎಂದು. ಮದುವೆಯ ಅಂತರಪಟ ಮುಹೂರ್ತದ ಗಳಿಗೆಗೆ ಸರಿಯುತ್ತದೆ, ಆಗ ವಧೂವರರು ಜೀರಿಗೆ-ಬೆಲ್ಲ ಇಡುತ್ತಾರೆ. ರವೀಂದ್ರ ಕಲಾಕ್ಷೇತ್ರದಲ್ಲಿ ಯಕ್ಷಗಾನವಿದ್ದರೆ ಒಡ್ಡೋಲಗ, ಅಂದರೆ ವೇಷ ಮೊದಲು ರಂಗಕ್ಕೆ ಬರುವ ಭಾಗ, ತಪ್ಪಿಸಬೇಡಿ. ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ, ಹಿಂದೆ ವೇಷ ಕುಣಿಯುತ್ತದೆ, ಮುಖಕ್ಕಿಂತ ಮೊದಲು ಕಿರೀಟದ ತುದಿ ಕಾಣುತ್ತದೆ. ಆ ತಡೆಹಿಡಿಯುವಿಕೆಯಲ್ಲೇ ತೆರೆಯ ಅರ್ಥವೆಲ್ಲ ಇದೆ.

ಪ್ರಶ್ನೆ: ಉತ್ತರದ ಕಿಟಕಿಗೆ ಹಸಿರು ಪರದೆ ಹಾಕಿದರೆ ದುಡ್ಡು ನಿಲ್ಲುತ್ತದೆಯೇ?

ಇಲ್ಲ. ಹಾಗೆ ಹೇಳಿ ಪರದೆ ಮಾರುವವರ ಹತ್ತಿರ ಕೊಳ್ಳಲೇಬೇಡಿ.

ಪ್ರಶ್ನೆ: ಚಿತ್ರಗಳಲ್ಲಿರುವಂಥ ನೆರಿಗೆ ನಮ್ಮ ಮನೆಯ ಹಾಲ್‌ನ ಪರದೆಗೆ ಯಾಕೆ ಬೀಳುವುದಿಲ್ಲ?
– ಓದುಗರು, ಜಯನಗರ

ಬಟ್ಟೆಯಲ್ಲಿ ಜಿಪುಣತನ ಮಾಡಿದ್ದೀರಿ. ರಾಡು 6 ಅಡಿಯಿದ್ದರೆ ಬಟ್ಟೆಯ ಅಗಲ ಕನಿಷ್ಠ 12 ಅಡಿ ಬೇಕು. 48 ಇಂಚು ಅಗಲದ್ದಾದರೆ ಮೂರು ತುಂಡು. ಪ್ರತಿ ಪರದೆಯ ಐಲೆಟ್‌ಗಳು (ರಾಡು ತೂರಿಸುವ ಉಂಗುರದ ತೂತುಗಳು) ಸರಿಸಂಖ್ಯೆಯಲ್ಲಿರಲಿ, ಬೆಸವಾದರೆ ಒಂದು ಅಂಚು ಗೋಡೆ ಕಡೆಗೂ ಇನ್ನೊಂದು ಕೋಣೆ ಕಡೆಗೂ ತಿರುಗುತ್ತದೆ. ಹತ್ತಿ ಬಟ್ಟೆಯನ್ನು ನೆನೆಸಿ ಒಣಗಿಸಿದ ಮೇಲೆಯೇ ಟೈಲರ್‌ಗೆ ಕೊಡಿ; ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ನೆಲದಿಂದ ಮೇಲೇರುತ್ತದೆ. ಪಶ್ಚಿಮದ ಕಿಟಕಿಯಾದರೆ ಲೈನಿಂಗ್ ಹಾಕಿಸಿ, ಬಣ್ಣ ಬೇಗ ಮಾಸುವುದಿಲ್ಲ.