ಹಿತ್ತಲಿಗೆ ಬರುವ ಎರಡು ಥರದ ಗಿಡುಗಗಳನ್ನು ಗುರುತಿಸುವುದು ಹೇಗೆ?

ಚಿತ್ರದುರ್ಗದ ನಿಮ್ಮ ಹಿತ್ತಲಿಗೆ ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುವ ಎರಡು ಗಿಡುಗ ಬರುತ್ತವೆ, ಕೋಳಿಮರಿ ಒಯ್ಯುವುದು ಯಾವುದು ಅಂತ ಗೊತ್ತಾದರೆ ಅದು ಕೂರುವ ಹೊಂಗೆ ಕೊಂಬೆ ಕಡಿಸುತ್ತೀನಿ ಅಂದಿದ್ದೀರಿ. ದಯವಿಟ್ಟು ಕೊಂಬೆ ಮುಟ್ಟಬೇಡಿ. ನಾನು ಅದನ್ನೇ ಮಾಡಿದವನು.

ನಮ್ಮದು ದಾವಣಗೆರೆ. ಹಿತ್ತಲಲ್ಲಿ ಒಂದು ಬೇವು, ಒಂದು ನುಗ್ಗೆ. ಅವ್ವ ನಾಟಿ ಕೋಳಿ ಸಾಕಿದ್ದಳು. 2018ರ ಏಪ್ರಿಲ್‌ನಲ್ಲಿ ಹೇಂಟೆ 11 ಮರಿ ಮಾಡಿತ್ತು. ಎರಡು ದಿನಕ್ಕೊಂದರಂತೆ ಮರಿ ಕಾಣೆಯಾಗತೊಡಗಿತು. ಅದೇ ಹೊತ್ತಿಗೆ ಬೇವಿನ ಮರಕ್ಕೆ ದಿನಾ ಬೆಳಗ್ಗೆ ಒಂದು ಬೂದು ಹಕ್ಕಿ ಬಂದು ಕೂರುತ್ತಿತ್ತು. ಪಾರಿವಾಳದಷ್ಟು ಗಾತ್ರ, ಬಾಲಕ್ಕೆ ಅಡ್ಡಪಟ್ಟೆ, ಎದೆ ಮೇಲೆ ಕೆಂಗಂದು ಗೆರೆ, ಹಳದಿ ಕಣ್ಣು. ಅದು ಬಂದರೆ ಸಾಕು, ಪಿಕಳಾರಗಳು ಕಿರುಚಿಕೊಳ್ಳುತ್ತಿದ್ದವು. ಇದೇ ಕಳ್ಳ ಅಂತ ತೀರ್ಮಾನಿಸಿಬಿಟ್ಟೆ. ಆಳು ಕರೆಸಿ ಬೇವಿನ ಮರದ ಅರ್ಧ ತಲೆ ಕಡಿಸಿದೆ.

ಕೆಳಗೆ ಬಿದ್ದ ಒಂದು ಕೊಂಬೆಯ ಕವಲಲ್ಲಿ ಬಟ್ಟಲಿನಂಥ ಗೂಡಿತ್ತು. ನಾಲ್ಕು ಮೊಟ್ಟೆಯಲ್ಲಿ ಮೂರು ಒಡೆದಿದ್ದವು. ಉಳಿದದ್ದು ಒಂದು ಚುಕ್ಕೆಯೂ ಇಲ್ಲದ ಅಚ್ಚ ನೀಲಿ. ಅಂಗೈಗೆ ತಗೊಂಡಾಗ ಇನ್ನೂ ಬೆಚ್ಚಗಿತ್ತು. ಏಳೆಂಟು ಹರಟೆಮಲ್ಲಗಳು ಕಾಂಪೌಂಡ್ ಮೇಲೆ ಸಾಲಾಗಿ ಕೂತು ಸಂಜೆವರೆಗೂ ಕೂಗಿದವು. ಅವ್ವ ಅವತ್ತು ನನ್ನ ಜೊತೆ ಮಾತಾಡಲಿಲ್ಲ.

ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ ಜೀವಶಾಸ್ತ್ರದ ಮೇಷ್ಟ್ರು ಆ ಮೊಟ್ಟೆ ನೋಡಿ, "ರಾತ್ರಿ ಹೊತ್ತು ಪೀ-ಪೀಹಾ ಅಂತ ಒಂದೇ ಸಮನೆ ಕೂಗೋದು ಕೇಳಿದ್ದೀರಾ?" ಅಂದರು. ಕೇಳಿದ್ದೆ. ಕೂಗು ಏರುತ್ತಾ ಏರುತ್ತಾ ಹೋಗಿ ತಟ್ಟನೆ ನಿಲ್ಲುತ್ತಿತ್ತು. ಬೇವಿನ ಮೇಲೆ ಕೂರುತ್ತಿದ್ದ ಆ ಬೂದು ಹಕ್ಕಿಯ ಕೂಗೇ ಅದಂತೆ. ಆ ಹಕ್ಕಿ ಗಿಡುಗ ಅಲ್ಲವೇ ಅಲ್ಲ, ಕೋಗಿಲೆ ಜಾತಿ. ಇಂಗ್ಲಿಷಿನಲ್ಲಿ ಹಾಕ್-ಕುಕೂ ಅಂತಾರೆ. ತಾನು ಗೂಡು ಕಟ್ಟದೆ ಹರಟೆಮಲ್ಲನ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಅದರ ಮೊಟ್ಟೆಯೂ ನೀಲಿಯೇ. ಆ ಮರಕ್ಕೆ ದಿನಾ ಬರುತ್ತಿದ್ದದ್ದು ಗೂಡಿನ ಮೇಲೆ ಕಣ್ಣಿಟ್ಟು, ನಮ್ಮ ಮರಿ ಮೇಲಲ್ಲ. ಅದು ತಿನ್ನುವುದು ಹೆಚ್ಚಾಗಿ ಕಂಬಳಿಹುಳ, ಕೀಟ.

ನನ್ನ ತಪ್ಪು ಏನೆಂದರೆ, ನಾನು ಬಣ್ಣ ನೋಡಿದೆ. ಎದೆಯ ಗೆರೆ, ಬಾಲದ ಪಟ್ಟೆ ನೋಡಿ ನಿಲ್ಲಿಸಿಬಿಟ್ಟೆ. ಆ ಕೋಗಿಲೆಯ ಮೈಬಣ್ಣ ಗಿಡುಗದ ಹಾಗೇ ಇರುತ್ತದೆ, ಹಾರುವುದೂ ಹಾಗೇ. ಪಿಕಳಾರಗಳ ಕಿರುಚಾಟವನ್ನು ನಾನು ಸಾಕ್ಷಿ ಅಂದುಕೊಂಡಿದ್ದೆ. ಅವೂ ಅದೇ ಮೈಬಣ್ಣಕ್ಕೆ ಮೋಸಹೋಗಿದ್ದವು. ಕೊಕ್ಕು ನೋಡಿದ್ದರೆ ಒಂದೇ ನಿಮಿಷದಲ್ಲಿ ತಿಳಿಯುತ್ತಿತ್ತು. ಕೋಗಿಲೆಯ ಕೊಕ್ಕು ಉದ್ದಕ್ಕೆ ಹೋಗಿ ತುದಿಯಲ್ಲಿ ಸ್ವಲ್ಪ ಬಾಗಿರುತ್ತದೆ ಅಷ್ಟೇ. ಗಿಡುಗದ್ದು ಬುಡದಿಂದಲೇ ಬಾಗಿದ ಕೊಕ್ಕೆ. ಕಾಲು ನೋಡಿದ್ದರೂ ಸಾಕಿತ್ತು. ಕೋಗಿಲೆಯದು ಗಿಡ್ಡ, ಬಡಪಾಯಿ ಕಾಲು. ಕೊಂಬೆ ಮೇಲೆ ಇಳಿದ ಕೂಡಲೇ ಅದು ಬಾಲ ಎತ್ತಿ ಆಕಡೆ ಈಕಡೆ ಅಲ್ಲಾಡಿಸುತ್ತದೆ. ಅದನ್ನೂ ಎಷ್ಟೋ ಸಲ ಕಂಡಿದ್ದೆ, ಲೆಕ್ಕಕ್ಕೇ ತಗೊಂಡಿರಲಿಲ್ಲ.

ಮರ ಕಡಿಸಿದ ಮೇಲೆ ಮರಿಗಳು ಇನ್ನೂ ಬೇಗ ಹೋದವು. ಮೊದಲು ಹೇಂಟೆ ಅವನ್ನು ಬೇವಿನ ನೆರಳಿಗೆ ಕರೆದೊಯ್ಯುತ್ತಿತ್ತು, ಈಗ ಹಿತ್ತಲು ಬಟ್ಟಬಯಲು. ಒಂದು ಭಾನುವಾರ ನಿಜವಾದ ಕಳ್ಳ ನನ್ನ ಕಣ್ಣೆದುರೇ ಬಂದಿತು. ಪಕ್ಕದ ಮನೆಯ ಕಾಂಪೌಂಡ್ ಮೇಲಿಂದ ತೀರಾ ತಗ್ಗಿನಲ್ಲಿ, ನಾಲ್ಕೈದು ಸಲ ರೆಕ್ಕೆ ಬಡಿದು ಆಮೇಲೆ ಸುಮ್ನೆ ತೇಲಿ ಬಂದು ಮರಿ ಹಿಡಿದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿತು. ಹಳದಿ ಕಾಲು, ಕಪ್ಪು ಉಗುರು, ಬಿಳಿ ಗಂಟಲ ನಡುವೆ ಪೆನ್ಸಿಲಿನಲ್ಲಿ ಎಳೆದಂಥ ಒಂದು ಗೆರೆ. ಶಿಕ್ರ. ನಮ್ಮ ಊರುಗಳ ಒಳಗೆ ಮಾಮೂಲಾಗಿ ಇರುವ ಸಣ್ಣ ಗಿಡುಗ ಅದೇ.

ಈಗ ನಿಮ್ಮ ಪ್ರಶ್ನೆ. ಅವು ಎರಡು ಜಾತಿ ಅಂತ ನೀವು ಅಂದುಕೊಂಡಿರುವುದನ್ನೇ ನಾನು ಒಪ್ಪುವುದಿಲ್ಲ. ಚಿಕ್ಕದಕ್ಕೆ ಕೆಂಪು ಕಣ್ಣು, ದೊಡ್ಡದಕ್ಕೆ ಹಳದಿ ಕಣ್ಣು ಅಂತ ಬರೆದಿದ್ದೀರಿ. ಶಿಕ್ರದಲ್ಲಿ ಗಂಡು ಚಿಕ್ಕದು, ಕಣ್ಣು ಕೆಂಪು. ಹೆಣ್ಣು ದೊಡ್ಡದು, ಕಣ್ಣು ಹಳದಿ ಅಥವಾ ಕಿತ್ತಳೆ. ನೀವು ನೋಡುತ್ತಿರುವುದು ಜೋಡಿ ಇರಬೇಕು. ಮುಂದೆ ಕಂದು ಮೈಯ, ಎದೆ ಮೇಲೆ ಅಡ್ಡಗೆರೆ ಬದಲು ಉದ್ದುದ್ದ ಗೀರು ಇರುವ ಮೂರನೆಯದು ಬಂದರೆ ಅದು ಅವುಗಳದೇ ಮರಿ ಇರಬಹುದು. ಆದರೆ ಆ ಕೋಗಿಲೆಯ ಮರಿಯೂ ಹೀಗೇ ಇರುತ್ತದೆ, ಆಗಲೂ ಕೊಕ್ಕನ್ನೇ ನೋಡಿ. ಚಳಿಗಾಲದಲ್ಲಿ ಮಾತ್ರ ಉತ್ತರದಿಂದ ಬರುವ ಸ್ಪ್ಯಾರೋಹಾಕ್ ಅನ್ನೋ ಇನ್ನೊಂದು ಗಿಡುಗ ಇರಬಹುದಾ ಅಂತ ಯೋಚಿಸಿ. ಅದಕ್ಕೆ ಗಂಟಲ ಗೆರೆ ಇರುವುದಿಲ್ಲ.

ಕೂಗು ಕೇಳಿ ಗುರುತಿಸುತ್ತೀನಿ ಅಂದರೆ ಸ್ವಲ್ಪ ಹುಷಾರು. ಶಿಕ್ರದ್ದು ಟೀ-ಟುಯ್ ಅಂತ ಎರಡು ಸ್ವರ, ಕಾಜಾಣ ಅದನ್ನು ಹಾಗೇ ಅನುಕರಿಸುತ್ತದೆ. ದೊಡ್ಡ ಕ್ಯಾಮೆರಾ ಕೊಳ್ಳಬೇಕಾ ಅಂತಲೂ ಕೇಳಿದ್ದೀರಿ. ಬೇಡ. ಆ ದುಡ್ಡಲ್ಲಿ ಮರಿಗಳಿಗೆ ಜಾಲರಿಯ ಗೂಡು ಮಾಡಿಸಿ. ಅವ್ವ ಆಮೇಲೆ ಮರಿಗಳು ಬಲಿಯುವವರೆಗೂ ಮಂಕರಿ ಕವುಚಿ ಸಾಕಿದಳು, ಒಂದೂ ಹೋಗಲಿಲ್ಲ. ಗಿಡುಗ ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ, ಯಾರಾದರೂ ಆ ಸಲಹೆ ಕೊಟ್ಟರೆ ಕೇಳಬೇಡಿ. ಅದೇ ಶಿಕ್ರ ನಿಮ್ಮ ಹಿತ್ತಲ ಇಲಿ, ಓತಿಕ್ಯಾತಗಳನ್ನೂ ಹಿಡಿಯುತ್ತದೆ.

ನಾಳೆ ಅದು ಹೊಂಗೆ ಮೇಲೆ ಕೂತಾಗ ಕೊಕ್ಕು, ಕಾಲು, ಗಂಟಲು ಈ ಮೂರನ್ನು ನೋಡಿ ಇಲ್ಲೇ ಬರೆಯಿರಿ. ಹಾಗೆಯೇ ಹೊಂಗೆಯ ಕವಲುಗಳಲ್ಲಿ ಗೂಡೇನಾದರೂ ಇದೆಯಾ ಅಂತ ಕೆಳಗಿನಿಂದಲೇ ಒಮ್ಮೆ ನೋಡಿ.